ಕಿವಿ ಮುಟ್ಟಿದವರಿಗೆ ಮಾತ್ರ

ಸರಕಾರಿ ನೌಕರನ ಮನೆಯಲ್ಲಿ ಎಲ್ಲದಕ್ಕೂ ದಾಖಲೆ ಇರುತ್ತದೆ, ಮರ್ಯಾದೆಯೊಂದನ್ನು ಬಿಟ್ಟು. ನಾನು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ನನ್ನ ಸಹಿ ಇಲ್ಲದೆ ಕಾಲುವೆಯಲ್ಲಿ ನೀರು ಹರಿಯಬಹುದು. ಹರಿಯಿತು ಎಂಬ ಕಾಗದ ಮಾತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹರಿಯುವುದಿಲ್ಲ. ಇಂಥ ಘನಸ್ಥಾನದಲ್ಲಿದ್ದವನ ಮಾತಿಗೆ ಮನೆಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಹೋಗಿ ನಾನು ಎಲ್ಲಿಗೆ ಬಂದು ಮುಟ್ಟಿದೆ ಎಂಬುದನ್ನು ನಿಮ್ಮೆದುರು ಒಪ್ಪಿಸಿಬಿಡುತ್ತೇನೆ.

ಎಂಬತ್ತೇಳನೆಯ ಇಸವಿಯ ಬೇಸಿಗೆ ರಜೆ. ಪಕ್ಕದ ಕ್ವಾರ್ಟರ್ಸಿನ ನಸೀಮಾಬಿಯ ತಮ್ಮ ಕುವೈತಿನಿಂದ ರಜೆಗೆ ಬಂದವನು ಅಕ್ಕನಿಗೆ ಒಂದು ಕಂಬಳಿ, ಎರಡು ಸೆಂಟು ಬಾಟಲಿ, ಒಂದು ವಿಡಿಯೋ ಗೇಮ್ ಪೆಟ್ಟಿಗೆ ಕೊಟ್ಟು ಹೋದ. ಕಂಬಳಿ ಹೊದೆಯಲು ನಮ್ಮಲ್ಲಿ ಚಳಿ ಇಲ್ಲ, ಪೆಟ್ಟಿಗೆ ಜೋಡಿಸಲು ಆಕೆಯಲ್ಲಿ ಟಿವಿ ಇಲ್ಲ. ಕಂಬಳಿ ಆಕೆಯ ಟ್ರಂಕು ಸೇರಿತು, ಪೆಟ್ಟಿಗೆ ನಮ್ಮ ಪಡಸಾಲೆ ಸೇರಿತು. ಪೆಟ್ಟಿಗೆಗೆ ಒಂದು ಕೋಲು, ಒಂದು ಕೆಂಪು ಗುಂಡಿ. ಟಿವಿಯೊಳಗೆ ಬೆರಳುದ್ದದ ಒಬ್ಬ ಮನುಷ್ಯ ಬಂದೂಕು ಹಿಡಿದು ನಿಂತಿರುತ್ತಾನೆ. ಎಡಬಲದಿಂದ ಅವನ ವೈರಿಗಳು ಬರುತ್ತಾರೆ. ಗುಂಡಿ ಒತ್ತಿದರೆ ‘ಟುಂಯ್’ ಎಂದು ಒಬ್ಬ ಬೀಳುತ್ತಾನೆ. ಒತ್ತದಿದ್ದರೆ ‘ಡುಸ್’ ಎಂದು ನಾವೇ ಬೀಳುತ್ತೇವೆ. ಯಾರು ಯಾರಿಗೆ ಏನು ಅನ್ಯಾಯ ಮಾಡಿದ್ದರು ಎಂಬ ಬಗ್ಗೆ ಅದರಲ್ಲಿ ಯಾವ ವಿವರಣೆಯೂ ಇಲ್ಲ. (ನಮ್ಮ ಕಚೇರಿಯಲ್ಲೂ ಹಾಗೆಯೇ.)

ನನ್ನ ಮಗಳು ಹೊಳಿಯಮ್ಮನಿಗೆ ಹದಿಮೂರು, ಮಗ ಹುಲಿಗೆಪ್ಪನಿಗೆ ಹತ್ತು. ಒಂದು ದಿನ ಊಟಕ್ಕೆ ಕುಳಿತಾಗ ಹೊಳಿಯಮ್ಮ ತಟ್ಟೆ ಮುಂದೆ ಸರಿಸಿ, “ಇವತ್ತ ಮುನ್ನೂರು ಮಂದೀನ ಕೊಂದೆ. ಇನ್ನೊಂದು ರೊಟ್ಟಿ ಹಾಕವ್ವಾ” ಎಂದಳು. ನನ್ನ ಹೆಂಡತಿ ಕಸ್ತೂರೆಮ್ಮ ಏನೂ ಆಗದವಳಂತೆ ರೊಟ್ಟಿ ಹಾಕಿ, ಮೇಲೆ ಪುಂಡಿಪಲ್ಯವನ್ನೂ ಹಾಕಿದಳು. ಸಿನೆಮಾದವರಿಗೆ ಸೆನ್ಸಾರ್ ಮಂಡಳಿ ಇದೆ. ರಕ್ತ ಹೆಚ್ಚಾದರೆ ‘ಎ’ ಎಂದು ಬರೆದು ಮಕ್ಕಳನ್ನು ಹೊರಗಿಡುತ್ತಾರೆ. ನನ್ನ ಪಡಸಾಲೆಗೆ ಮಾತ್ರ ದಿಕ್ಕುದೆಸೆ ಇಲ್ಲವೇ?

ಮರುದಿನ ಕಚೇರಿಯಿಂದ ದಪ್ಪ ಕಾಗದ ತಂದು ಆದೇಶ ಹೊರಡಿಸಿದೆ. “ವಿಷಯ: ಹಿಂಸಾತ್ಮಕ ವಿಡಿಯೋ ಆಟದ ನಿಯಂತ್ರಣ. ಉಲ್ಲೇಖ: ದಿನಾಂಕ ಎಂಟರ ಮಧ್ಯಾಹ್ನದ ಊಟ. ಸದರಿ ಆಟವು ವಯಸ್ಕರಿಗೆ ಮಾತ್ರ. ಹದಿನೆಂಟು ವರ್ಷ ತುಂಬಿದ ಬಗ್ಗೆ ಲಿಖಿತ ದಾಖಲೆ ಹಾಜರುಪಡಿಸತಕ್ಕದ್ದು. ಆಟದ ದುಷ್ಪರಿಣಾಮಗಳನ್ನು ಮಂಡಳಿಯ ಅಧ್ಯಕ್ಷರು ಪ್ರತಿದಿನ ಸ್ವತಃ ಪರಿಶೀಲಿಸುವರು.” ಅಧ್ಯಕ್ಷರು ಯಾರೆಂದು ಬೇರೆ ಹೇಳಬೇಕಿಲ್ಲ. ಆದೇಶವನ್ನು ಬೀದಿಗೆ ಕಾಣುವಂತೆ ಪಡಸಾಲೆಯ ಬಾಗಿಲಿಗೆ ಅಂಟಿಸಿದೆ. ‘ವಯಸ್ಕರಿಗೆ ಮಾತ್ರ’ ಎಂಬ ಎರಡು ಮಾತನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಅದು ಎಷ್ಟು ದೂರದಿಂದ ಕಾಣುತ್ತದೆ ಎಂದು ಆಗ ಯೋಚಿಸಲಿಲ್ಲ.

ಪರಿಶೀಲನೆ ಶುರುವಾಯಿತು. ಕಚೇರಿ ಬಿಟ್ಟ ಕೂಡಲೇ ಬಂದು, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದೆ. ಮೊದಲ ದಿನ ನಾಲ್ಕನೆಯ ವೈರಿ ಬರುವ ಮುನ್ನ ಸತ್ತೆ. ಒಂದು ವಾರ ಶ್ರಮಪಟ್ಟ ಮೇಲೆ ಐದನೆಯವನ ಕೈಯಲ್ಲಿ ಸಾಯುವಷ್ಟು ಪ್ರಗತಿಯಾಯಿತು. ಆ ಕೋಲನ್ನು ತಿರುವಿ ತಿರುವಿ ನನ್ನ ಬಲಭುಜ ಹಿಡಿದುಕೊಂಡಿತು. ಅಂಗಿ ತೊಡುವಾಗ ಹೆಂಡತಿ ತೋಳು ತೂರಿಸಬೇಕಾಯಿತು. ಸಿಟ್ಟೂ ಬರುತ್ತಿತ್ತೆನ್ನಿ. ಒಮ್ಮೆ ‘ಡುಸ್’ ಎಂದದ್ದೇ ತಡ, ಕುಳಿತಿದ್ದ ಮಣೆಯನ್ನು ಗೋಡೆಗೆ ಎಸೆದೆ.

ಕಸ್ತೂರೆಮ್ಮ ಮುರಿದ ಮಣೆಯನ್ನು ಎತ್ತಿಟ್ಟುಕೊಂಡು ಹೇಳಿದಳು, “ಮಕ್ಕಳು ಆಡುವಾಗ ಟಿವಿಯೊಳಗಿನ ಮಂದಿ ಅಷ್ಟ ಸಾಯ್ತಿದ್ರು. ನೀವು ಪರಿಶೀಲನಾ ಮಾಡಾಕ ಕುಂತ ಮ್ಯಾಲೆ ಮನಿ ಸಾಮಾನೂ ಉಳಿಯವಲ್ವು.”

ದುಷ್ಪರಿಣಾಮ ಸಾಬೀತಾಗುತ್ತಿದೆ, ಅದಕ್ಕೇ ಪರಿಶೀಲನೆ ಮುಂದುವರಿಯಬೇಕು ಎಂದು ನಾನು ಗಂಭೀರವಾಗಿ ತಿಳಿಸಿದೆ.

ಇನ್ನು ನನ್ನ ಅವ್ವ, ಮುದಕಮ್ಮ. ಕನಕಗಿರಿ ಕಡೆಯ ಹೊಲದಲ್ಲಿ ಬೆಳೆದವಳು. ಸಣ್ಣಂದಿನಲ್ಲಿ ಜೋಳದ ಹೊಲದ ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾದವಳು. ಆಮೇಲೆ ನಮ್ಮಪ್ಪನ ಜೊತೆ ಡ್ಯಾಮಿನ ಕೆಲಸಕ್ಕೆ ಬಂದು ತಲೆಯ ಮೇಲೆ ಕಲ್ಲು ಹೊತ್ತಳು. ನಾನು ಆದೇಶ ಹೊರಡಿಸುವ ಮೊದಲು ಮಧ್ಯಾಹ್ನ ಮಕ್ಕಳ ಜೊತೆ ಕುಳಿತು ಅವಳೂ ಆಡುತ್ತಿದ್ದಳಂತೆ. ಇದು ನನಗೆ ತಡವಾಗಿ ತಿಳಿಯಿತು. ಹಕ್ಕಿಗೆ ಗುರಿಯಿಟ್ಟ ಕಣ್ಣು. ಹೊಳಿಯಮ್ಮನ ಮುನ್ನೂರು ಅವಳ ಮುಂದೆ ಏನೂ ಅಲ್ಲವಂತೆ. ಈಗ ಆಟ ನಿಂತು ಹೋದದ್ದು ಮಕ್ಕಳಿಗಿಂತ ಅವಳಿಗೇ ಹೆಚ್ಚು ತಾಕಿತ್ತು.

“ನಂಗ ಹದಿನೆಂಟು ತುಂಬಿಲ್ಲೇನೋ?” ಎಂದು ಬಂದು ಕೇಳಿದಳು.

ತುಂಬಿರಬಹುದು, ದಾಖಲೆ ಬೇಕು ಎಂದೆ.

“ನಿನ್ನ ಹಡದೀನಲ್ಲ, ಅದು ದಾಖಲಾ ಅಲ್ಲ?”

ಅದು ಕಾಗದದ ಮೇಲೆ ಇಲ್ಲ ಎಂದೆ. ಒಬ್ಬರಿಗೆ ಸಡಿಲ ಬಿಟ್ಟರೆ ಮಕ್ಕಳು ಅಜ್ಜಿಯ ಸೆರಗು ಹಿಡಿದು ಒಳಗೆ ನುಗ್ಗುತ್ತಾರೆ, ಆಡಳಿತ ಹಾಳಾಗುತ್ತದೆ ಎಂಬುದು ನನ್ನ ವಾದ. (ನಿಜ ಹೇಳಬೇಕೆಂದರೆ, ನಾನು ಐದಕ್ಕೆ ಸಾಯುವ ಆಟದಲ್ಲಿ ಅರವತ್ತೈದು ದಾಟಿದ ನನ್ನ ತಾಯಿ ಐನೂರು ಹೊಡೆಯುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.) ಅವ್ವ ಎರಡು ದಿನ ಮುಚ್ಚಿದ ಬಾಗಿಲ ಹೊರಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ, ಒಳಗಿನ ‘ಡುಸ್’ ಕೇಳುತ್ತ ಕುಳಿತಳು. ನನಗೆ ನಾಚಿಕೆಯಾಯಿತು. ಆದರೂ ಆದೇಶ ಆದೇಶವೇ.

ಅಷ್ಟರಲ್ಲಿ ಕೆಂಪು ಶಾಯಿ ತನ್ನ ಕೆಲಸ ಮಾಡಿತ್ತು. ವಿರುಪಣ್ಣನ (ಅಂದರೆ ನನ್ನ) ಮನೆಯಲ್ಲಿ ದಿನಾ ಸಂಜೆ ಟಿವಿಯ ಮೇಲೆ ವಯಸ್ಕರಿಗೆ ಮಾತ್ರವಾದದ್ದೇನೋ ನಡೆಯುತ್ತದೆ, ಅವನು ಬಾಗಿಲು ಹಾಕಿಕೊಂಡು ಒಬ್ಬನೇ ನೋಡುತ್ತಾನೆ ಎಂದು ಕಾಲೊನಿಯೆಲ್ಲ ಮಾತು. ಪಂಪ್‌ಹೌಸಿನ ಮೂವರು ತಲೆ ಬಾಚಿಕೊಂಡು ಬಂದು, ಎಷ್ಟು ಗಂಟೆಗೆ ಶುರು ಎಂದು ನನ್ನ ಹೆಂಡತಿಯನ್ನೇ ವಿಚಾರಿಸಿದರು. ಅವಳು ಮುರಿದ ಮಣೆಯ ಕಾಲು ತೋರಿಸಿ ಅವರನ್ನು ಕಳುಹಿಸಿದಳು. ನನ್ನನ್ನು ಮಾತ್ರ ಕಳುಹಿಸಲು ಜಾಗವಿಲ್ಲದೆ ಮನೆಯಲ್ಲೇ ಇಟ್ಟುಕೊಂಡಳು.

ಭಾನುವಾರ ಸಂಜೆ ಐದಕ್ಕೆ ನಮ್ಮ ಸೂಪರಿಂಟೆಂಡೆಂಟ್ ಯಂಕೋಬ ಸಾಹೇಬರೇ ಬಂದರು. ಸಣಕಲು ದೇಹ, ಕಡ್ಡಿಯಂಥ ಕೈಕಾಲು, ನಗದ ಮುಖ. ಸರಕಾರಿ ವಸತಿಯಲ್ಲಿ ಇಂಥದ್ದು ನಡೆದರೆ ನನ್ನ ಮೇಲೆ ಮೆಮೋ ಕೊಡಬೇಕಾಗುತ್ತದೆ, ಅದಕ್ಕೆ ಮೊದಲು ಕಣ್ಣಾರೆ ನೋಡಬೇಕಾಗುತ್ತದೆ ಎಂದರು. ನಾನು ಪೆಟ್ಟಿಗೆ ಹಚ್ಚಿ, ಕ್ರಮಪ್ರಕಾರ ಐದನೆಯವನ ಕೈಯಲ್ಲಿ ಸತ್ತು ತೋರಿಸಿದೆ. ಸಾಹೇಬರು ಇಷ್ಟೇ ಏನು ಎಂದು ಕೇಳಿದರು. ಇಷ್ಟೇ ಎಂದೆ. ಅವರ ಮುಖದಲ್ಲಿ ಸಮಾಧಾನ ಕಂಡಿತು, ಅದರ ಹಿಂದೆ ಸ್ವಲ್ಪ ನಿರಾಶೆಯೂ ಇತ್ತೇನೋ. ಮೆಮೋ ತಪ್ಪಿತು ಎಂದು ನಾನು ಚಹಾ ಮಾಡಲು ಹೇಳಿದೆ. ಅಲ್ಲಿಗೇ ಅವರನ್ನು ಎಬ್ಬಿಸಿ ಕಳುಹಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚಹಾದ ಹಿಂದೆ ಅವ್ವ ಬಂದು ನೆಲಕ್ಕೆ ಕುಳಿತಳು. ಅವಳ ಬೆನ್ನಿಗೆ ಮಕ್ಕಳಿಬ್ಬರು, ಬಾಗಿಲಲ್ಲಿ ನಸೀಮಾಬಿ.

“ಸಾಹೇಬ್ರ, ಒಂದು ಫಿರ್ಯಾದಿ ಐತ್ರಿ. ನಂಗ ವಯಸ್ಸಾಗಿಲ್ಲಂತ ಇವ ಬಾಗ್ಲಾ ಹಾಕ್ಕೋತಾನ.”

ಸಾಹೇಬರು ಬಾಗಿಲ ಮೇಲಿನ ಆದೇಶವನ್ನು ಎದ್ದು ಹೋಗಿ ಓದಿ ಬಂದರು. ಒಕ್ಕಣೆ ಸರಿಯಾಗಿದೆ ಎಂದರು. ಆಮೇಲೆ ಅವ್ವನ ಕಡೆ ತಿರುಗಿ, “ಅವ್ವಾರ, ಕಾಗದ ಇಲ್ಲಂದ್ರ ಗುರುತು ಹೇಳ್ರಿ. ಯಾವುದರ ಕಾಲಕ್ಕ ಏನಾತು ಅಂತ ಹೇಳಿದ್ರ ಲೆಕ್ಕ ಸಿಗತೈತಿ” ಎಂದರು.

“ಗುರುತಿಗೇನು ಬರ ರೀ. ಈ ಡ್ಯಾಮಿಗೆ ಪಾಯಾ ತೋಡುವಾಗ ನಾ ಕಲ್ಲು ಹೊತ್ತೀನಿ. ಆಗ ಈ ವಿರುಪ ಗುಡಿಸಲದಿಂದ ನಂಗ ದಿನಾ ಬುತ್ತಿ ತರ್ತಿದ್ದ. ಒಂದು ಹರದಾರಿ ಒಬ್ನ ನಡಕೊಂಡು ಬರ್ತಿದ್ದ.”

ಅಲ್ಲೇ ಎಡವಟ್ಟಾಯಿತು. ಯಾಕೆಂದರೆ ನನ್ನ ಸರ್ವಿಸ್ ಪುಸ್ತಕದ ಪ್ರಕಾರ, ಡ್ಯಾಮಿಗೆ ಪಾಯ ತೋಡುವಾಗ ನನಗೆ ಎರಡು ವರ್ಷ. ಆ ಪುಸ್ತಕ ಯಂಕೋಬ ಸಾಹೇಬರ ಕಪಾಟಿನಲ್ಲೇ ಇರುತ್ತದೆ.

“ಎರಡು ವರ್ಷದಾವ ಬುತ್ತಿ ತಂದ?” ಎಂದು ಸಾಹೇಬರು ಚಹಾ ಕೆಳಗಿಟ್ಟು ಕೇಳಿದರು.

“ಎಲ್ಲಿ ಎರಡು ರೀ? ಆರು ತುಂಬಿತ್ತು. ರಜಾಕಾರರ ಗದ್ದಲ ಮುಗದ ಮ್ಯಾಲೆ ಸಾಲಿಗೆ ಹಾಕಿದ್ವಿ, ಆಗ ಇವಗ ಹತ್ತು. ಹೆಡ್‌ಮಾಸ್ತರ, ಕೈ ನೆತ್ತಿ ಮ್ಯಾಲಿಂದ ಹಾಯಿಸಿ ಆ ಕಡೆ ಕಿವಿ ಮುಟ್ಟು ಅಂದ್ರು. ಆರು ತುಂಬಿದ ಹುಡುಗ್ರ ಕೈ ಕಿವಿ ಮುಟ್ಟತೈತಲ್ರಿ, ಅದಕ್ಕ. ಇವನ ಕೈ ಕಿವಿ ದಾಟಿ ಗದ್ದಕ್ಕ ಬಂತು. ಮಾಸ್ತರ ಭಾಳ ಛಲೋ ಮನುಷ್ಯಾ. ಆರು ಅಂತ ಬರಕೋತೀನಿ ಬೇ, ಮುಂದ ನೌಕರಿಗೆ ಅನುಕೂಲ ಆಗತೈತಿ ಅಂದ್ರು. ಜೂನ್ ಒಂದನೇ ತಾರೀಖು ಅಂತ—”

ನಾಲ್ಕು ವರ್ಷ! ಒಂದು ಗುಟುಕು ಚಹಾದಲ್ಲಿ ನನ್ನ ನಾಲ್ಕು ವರ್ಷದ ನೌಕರಿ ಮುಳುಗುತ್ತಿತ್ತು. ಅವ್ವ ಮುಗ್ಧತೆಯಿಂದ ಹೇಳಿದಳೋ, ಬೇಕೆಂದೇ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಗೆ ನಿಲ್ಲಿಸಿ ಅವಳು ನನ್ನನ್ನು ನೋಡಿದಳು. “ಮುಂದ ಹೇಳ್ಲೋ, ಆಡ್ಲೋ?” ಎಂದಳು.

ನಾನು ಕೋಲನ್ನು ಎರಡೂ ಕೈಯಿಂದ ಎತ್ತಿ ಅವಳ ಮಡಿಲಲ್ಲಿ ಇಟ್ಟೆ.

ಆದರೆ ಪುಸ್ತಕ ಇರುವುದು ಸಾಹೇಬರ ಕಪಾಟಿನಲ್ಲಲ್ಲವೇ? ಅವರು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು. “ಅವ್ವಾರ, ಈ ಮಾತು ಇಲ್ಲಿಗೆ ಬಿಡ್ರಿ” ಎಂದರು. “ನಂದೂ ಜೂನ್ ಒಂದು.”

ಎಣಿಸಿ ನೋಡಿದರೆ ನಮ್ಮ ಕಚೇರಿಯಲ್ಲಿ ಇಪ್ಪತ್ತಮೂರು ಮಂದಿ ಜೂನ್ ಒಂದರಂದೇ ಹುಟ್ಟಿದವರು. ಅವರವರ ಅವ್ವಂದಿರು ಬಾಯಿ ಬಿಟ್ಟರೆ ಕಾಲುವೆಗೆ ನೀರು ಬಿಡಲು ಯಾರೂ ಉಳಿಯುತ್ತಿರಲಿಲ್ಲ.

ಸಾಹೇಬರು ಅಲ್ಲೇ ತೀರ್ಪು ಕೊಟ್ಟರು: ಲಿಖಿತ ದಾಖಲೆಯ ಷರತ್ತು ರದ್ದು. ಮಂಡಳಿಯ ಅಧ್ಯಕ್ಷಸ್ಥಾನ ಮುದಕಮ್ಮನವರಿಗೆ. ವಯಸ್ಸಿನ ಪರೀಕ್ಷೆ ಹೇಗೆಂದು ಅವರೇ ನಿರ್ಧರಿಸತಕ್ಕದ್ದು. ನಸೀಮಾಬಿ, ಪೆಟ್ಟಿಗೆಯ ಮಾಲೀಕಳಾಗಿ ತನ್ನ ಪೂರ್ತಿ ಒಪ್ಪಿಗೆ ಇದೆ ಎಂದಳು.

ಅವ್ವ ಎಲ್ಲರನ್ನೂ ಪಡಸಾಲೆಯಿಂದ ಹೊರಗೆ ಕಳಿಸಿದಳು. ಆಮೇಲೆ ಬಾಗಿಲಿಗೆ ಅಡ್ಡ ಕುಳಿತು, “ಸಾಲಿಯಾಗ ಮಾಡಿದಂಗ ಮಾಡೂಣು. ಕಿವಿ ಮುಟ್ಟಿದಾವ ಒಳಗ” ಎಂದಳು.

ಹೊಳಿಯಮ್ಮ ನೆತ್ತಿಯ ಮೇಲಿಂದ ಕೈ ಹಾಯಿಸಿ ಕಿವಿ ಮುಟ್ಟಿ ಒಳಗೆ ಹೋದಳು. ಹುಲಿಗೆಪ್ಪ ಮುಟ್ಟಿದ. ಕಸ್ತೂರೆಮ್ಮ ಸೆರಗು ಸರಿಮಾಡಿಕೊಂಡು ಮುಟ್ಟಿದಳು. ನಸೀಮಾಬಿ ಮುಟ್ಟಿದಳು. ಯಂಕೋಬ ಸಾಹೇಬರು ಕೋಟು ಬಿಚ್ಚಿ, ತಮ್ಮ ಕಡ್ಡಿಯಂಥ ಕೈಯನ್ನು ತಲೆಯ ಮೇಲಿಂದ ಹಾಯಿಸಿ, ಕಿವಿಯ ಹಾಲೆಯನ್ನು ಹಿಡಿದು ತೋರಿಸಿಯೇ ಒಳಗೆ ಹೋದರು.

ಕೊನೆಗೆ ನಾನು. ಪರಿಶೀಲನೆಯಲ್ಲಿ ಹಿಡಿದುಕೊಂಡ ಬಲಭುಜ ನಿಮಗೆ ನೆನಪಿರಬೇಕು. ಕೈ ಹುಬ್ಬಿನ ಮಟ್ಟಕ್ಕೆ ಬಂತು. ಹಲ್ಲು ಕಚ್ಚಿ ಎತ್ತಿದೆ. ನೆತ್ತಿಯ ಬೋಳಿನವರೆಗೆ ಬಂದು ನಿಂತಿತು. ಎಡಗೈ ಎತ್ತಲೇ ಎಂದು ಕೇಳಿದೆ. ಮಾಸ್ತರರು ಬಲಗೈಯನ್ನೇ ಕೇಳುತ್ತಿದ್ದರು ಎಂದು ಒಳಗಿನಿಂದ ಸಾಹೇಬರ ದನಿ ಬಂತು. ಕಸ್ತೂರೆಮ್ಮ ಹೊರಗೆ ಬಂದು ನನ್ನ ಮೊಳಕೈಯನ್ನು ಮೇಲಕ್ಕೆ ನೂಕಿದಳು. ನಾನು ಅಯ್ಯೋ ಎಂದೆ. ಕಿವಿ ಇನ್ನೂ ಮೂರು ಬೆರಳು ದೂರವಿತ್ತು.

ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಲವತ್ತೆಂಟು ವರ್ಷದ ಹಿಂದೆ ನನ್ನನ್ನು ಹಡೆದವಳು ಅವಳೇ ಎಂಬುದನ್ನು ಎಲ್ಲರೂ ಈಗಷ್ಟೇ ಕೇಳಿದ್ದರು.

“ಇವಗ ಇನ್ನಾ ಆರು ತುಂಬಿಲ್ಲವ್ವಾ” ಎಂದು ನನ್ನ ಹೆಂಡತಿಗೆ ಹೇಳಿದಳು. “ಬರೋ ವರ್ಷ ಕರಕೊಂಡು ಬಾ.”

ಬಾಗಿಲು ಮುಚ್ಚಿತು. ನಾನು ಹೊರಗೆ ಕುಳಿತು, ಅವ್ವ ಬಿಟ್ಟುಹೋಗಿದ್ದ ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದೆ. ಒಳಗಿನಿಂದ ‘ಟುಂಯ್, ಟುಂಯ್’ ಎಂದು ಸದ್ದು ಬರುತ್ತಲೇ ಇತ್ತು.