ಚಾ ಆತೇನ್ರಿ, ಮಾಸ್ತರ?

ಮಾಸ್ತರಕಿ ಮಾಡೋ ಮನಷ್ಯಾ ಸುಮ್ಮನ ಕುಂದ್ರಾಕ ಹ್ವಾದಾಗನ ನೋಡ್ರಿ, ಗದ್ದಲ ಎಲ್ಲಾ ಅವನ ಮನಿ ಹುಡುಕ್ಕೊಂಡ ಬರತೈತಿ. ನನ್ನ ನಸೀಬದಾಗಂತೂ ಇದು ತಪ್ಪಿದ್ದಲ್ಲ.

ನಾ ಮೂಡಲಗಿಯಾಂವ, ಹತ್ತರದ ಒಂದು ತೋಟದ ಸಾಲಿಯೊಳಗ ಮಾಸ್ತರ. ಗೋಕಾಕದ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಬಿ.ಪಿ. ಏರೈತ್ರಿ. ಮುಂಜಾನಿ ಗಡಿಬಿಡಿ ಬಿಡ್ರಿ, ಶಾಂತ ಇರ್ರಿ. ಮುಂದಿನ ತಿಂಗಳ ಇಳೀಲಿಲ್ಲಂದ್ರ ಗುಳಿಗಿ ಸುರು ಮಾಡೂಣು" ಅಂದ್ರು. ಗುಳಿಗಿ ಅಂದ್ರ ನನಗ ಸಣ್ಣಾಂವ ಇದ್ದಾಗಿಂದ ಜೀವ ಹೋದಂಗ. ಅದನ್ನ ದಿನಾ ನುಂಗಬೇಕಂತ! ಮನಿಗೆ ಬಂದಾವನ ಹೆಂಡ್ತಿಗೆ ಹೇಳಿದ್ನಿ, "ನಾಳಿಂದ ಮುಂಜಾನಿ ನಾ ಶಾಂತ."

"ಆಗ್ಲಿ, ಹಾಲ ತರಾವ್ರ ಯಾರು?" ಅಂದ್ಲು.

ಕಬ್ಬಿನ ಧ್ಯಾನ

ನಸುಕಿನ್ಯಾಗ ಎದ್ದು ಪಡಸಾಲ್ಯಾಗ ಕಣ್ಣ ಮುಚ್ಚಿ ಕುಂತ್ನಿ. ಉಸರ ಒಳಗ, ಉಸರ ಹೊರಗ. ಕಬ್ಬಿನ ಹಂಗಾಮ ನಡದಿತ್ತು. ಫ್ಯಾಕ್ಟರಿಗೆ ಹೊಂಟ ಟ್ರ್ಯಾಕ್ಟರ್ ಬಂತು, ಹಿಂದ ಎರಡ ಟ್ರೇಲರ್ ಕಬ್ಬು, ಮುಂದ ಹಾಡಿನ ಅಬ್ಬರ. ಕಿಡಕಿ ಗಡಗಡ ನಡಗಿದ್ವು. ಅದು ಹ್ವಾತು ಅನ್ನೂದ್ರಾಗ ಇನ್ನೊಂದು. ತಲಿ ಕೆಟ್ಟ ಹೊರಗ ಹೋಗಿ ಕೈ ಅಡ್ಡ ಮಾಡಿ ನಿಲ್ಲಿಸಿದ್ನಿ.

"ಏನಪಾ, ಹಾಡ ಸಣ್ಣಗ ಹಚ್ಚಾಕ ಬರೂದಿಲ್ಲೇನ ನಿನಗ?"

ಡ್ರೈವರ್ ಕೈ ಮುಗದಾ. "ಗುರುಗಳ, ರಾತ್ರೆಲ್ಲಾ ನಿದ್ದಿಲ್ರಿ. ಹಾಡ ಬಂದ್ ಮಾಡಿದ್ನಂದ್ರ ತೂಕಡಿಸಿ ನಿಮ್ಮ ಕಟ್ಟೀಗೇ ಬಂದ ಹಾಯ್ತೇನ್ರಿ."

"ಯಪ್ಪಾ, ಇನ್ನಷ್ಟ ಜೋರ ಹಚ್ಚಪಾ!" ಅಂದ್ನಿ.

ಫೋನ್ ಬಂದ್

ಹುಕ್ಕೇರಿಯೊಳಗ ಒಂದ ತರಬೇತಿ ಆಗಿತ್ತು. "ಮುಂಜಾನಿ ಫೋನ್ ಮುಟ್ಟಬ್ಯಾಡ್ರಿ, ಆ ವ್ಯಾಳ್ಯಾದಾಗ ಪಾಠದ ತಯಾರಿ ಮಾಡ್ರಿ" ಅಂತ ಅಲ್ಲಿ ಹೇಳಿದ್ರು. ಖರೆ ಅನಸ್ತು. ಫೋನ್ ಬಂದ್ ಮಾಡಿ, ಭಿನ್ನರಾಶಿ ಕಲಸಾಕಂತ ರಟ್ಟಿನ ರೊಟ್ಟಿ ಕತ್ತರಿಸಿ, ಅರ್ಧ, ಕಾಲು ಅಂತ ಬಣ್ಣಾನೂ ಬಳದ್ನಿ. ಎಂದೂ ಇಲ್ಲದ ಸಮಾಧಾನಲೇ ಸಾಲಿಗೆ ಹ್ವಾದ್ನಿ. ಗೇಟಿಗೆ ಕೀಲಿ.

ಬಿಸಿಯೂಟದ ಅಡಗಿ ಮಾಡೋ ಅವ್ವ ಬಾಜೂ ಮನಿಯಿಂದ ಹಣಿಕಿ ಹಾಕಿದ್ಲು. "ಯಾಕ ಬಂದ್ರಿ ಗುರುಗಳ? ಇವತ್ತ ಸೂಟಿ ಅಂತ ಹೆಡ್ ಮಾಸ್ತರು ಮುಂಜಾನೇನ ಫೋನಿಗೆ ಹಾಕ್ಯಾರಲ್ರಿ."

ಮೈಯೆಲ್ಲಾ ಉರದ ಹ್ವಾತು. ಸಿಕ್ಕ ಸೂಟಿ ಕೈ ಬಿಟ್ಟ ಮಾಸ್ತರಗ ಬಿ.ಪಿ. ಇಳಿತೈತೇನ್ರಿ?

ಮೌನ

ನಮ್ಮ ಓಣ್ಯಾಗ "ಚಾ ಆತೇನ್ರಿ?" ಅನ್ನೂದು ಪ್ರಶ್ನೆ ಅಲ್ಲ, ನಮಸ್ಕಾರ ಇದ್ದಂಗ. "ಆತ್ರಿ, ನಿಮ್ದು?" ಅಂದು ಮುಂದ ಹೋಗೂದು. ಇದು ಗೊತ್ತಿದ್ದೂ ನಾ ಒಂದಿನ ಮೌನ ಹಿಡದ ಕಟ್ಟಿ ಮ್ಯಾಲ ಕುಂತ್ನಿ.

ಬಾಜೂ ಮನಿ ಕಾಕಾ ಕೇಳಿದ್ರು, "ಚಾ ಆತೇನ್ರಿ, ಮಾಸ್ತರ?" ನಾ ಬರೇ ನಕ್ಕಿನಿ. ಎದರ ಮನಿ ಅಜ್ಜಿ ಕೇಳಿದ್ಲು. ಆಕೀಗೂ ನಕ್ಕಿನಿ. ಅಷ್ಟ ಸಾಕಾತು! ಗಂಡಾ ಹೆಂಡ್ತಿ ಜಗಳಾಡ್ಯಾರ, ಮಾಸ್ತರಗ ಚಾ ಸುದ್ದಾ ಕೊಟ್ಟಿಲ್ಲ ಅಂತ ಓಣಿ ತುಂಬ ಸುದ್ದಿ. ಕಾಕಾ ಚಾ ತಂದ್ರು. ಬ್ಯಾಡ ಅನ್ನಾಕ ಬಾಯಿ ಬೇಕಲ್ರಿ, ಕುಡದ್ನಿ. ಅಜ್ಜಿ ಚಾದ ಜೋಡಿ ಟೋಸ್ಟೂ ತಂದ್ಲು, ತಿಂದ್ನಿ. ಆಮ್ಯಾಲ ಆಕಿ ಒಳಗ ಹೋಗಿ ನನ್ನ ಹೆಂಡ್ತಿಗೆ, "ಎಷ್ಟ ಸಿಟ್ಟಿದ್ರೂ ಗಂಡಗ ಒಂದ ಕಪ್ ಚಾ ಕೊಡಬೇಕವಾ, ತಂಗಿ" ಅಂತ ಬುದ್ಧಿ ಹೇಳಿದ್ಲು.

ಹೆಂಡ್ತಿ ರೊಟ್ಟಿ ಹಿಟ್ಟಿನ ಕೈಯಿಂದನ ಹೊರಗ ಬಂದ್ಲು. "ಮಾತಾಡ್ರಿ! ಚಾ ಕುಡದೇನಿ ಅಂತ ಓಣಿಗೆಲ್ಲಾ ಕೇಳೂವಂಗ ಒದರ್ರಿ!"

ನಾ ಕಟ್ಟಿ ಮ್ಯಾಲ ನಿಂತ ಒದರಿದ್ನಿ, "ಚಾ ಆಗೈತ್ರೀ!"

ಓಣಿ ಆ ತುದಿಯಿಂದ ಯಾರೋ ಅಂದ್ರು, "ನಮ್ದೂ ಆತ್ರಿ!"

ಪಟ್ಟಿ

ಅವತ್ತ ಶಾಂತ ಆಗೂ ಕಸರತ್ತೆಲ್ಲಾ ಬಿಟ್ಟ್ನಿ. ಮತ್ತ ಮೊದಲಿನಂಗ ಏಳೂದು, ಹಾಲ ತರೂದು, ಕಟ್ಟಿ ಮ್ಯಾಲ ಹರಟಿ ಹೊಡ್ಯೂದು, ಸಾಲಿಗೆ ಹೋಗೂದು. ತಿಂಗಳಾದ ಮ್ಯಾಲ ಹೆಂಡ್ತಿ ಕರಕೊಂಡ ಗೋಕಾಕಕ್ಕ ಹ್ವಾದ್ನಿ. ಗುಳಿಗಿ ನೆನಸಿ ಎದಿ ಡವಡವ ಅನ್ನಾಕತ್ತಿತ್ತು.

ಡಾಕ್ಟರು ಪಟ್ಟಿ ಸುತ್ತಿ, "ಈಗ ಒಟ್ಟ ಮಾತಾಡಬ್ಯಾಡ್ರಿ" ಅಂದ್ರು. ಅದ ಹೊತ್ತಿಗೆ ಮೊಣಕಾಲ ತೋರಸಾಕ ಬಂದಿದ್ದ ನಮ್ಮ ಬಾಜೂ ಮನಿ ಕಾಕಾ ಬಾಗಲದಾಗ ಹಣಿಕಿ ಹಾಕಿದ್ರು.

"ಓಹೋ, ಚಾ ಆತೇನ್ರಿ, ಮಾಸ್ತರ?"

ನನ್ನ ಬಾಯಿ ಬಂದ್. ನಕ್ಕಿನಿ. ಹೆಂಡ್ತಿ ಮಾರಿ ಕೆಂಪಗಾತು.

"ಆಗೈತ್ರೀ ಕಾಕಾ! ನಾನ ಮಾಡಿ ಕೊಟ್ಟೇನಿ! ಎರಡ ಸಲ ಕೊಟ್ಟೇನಿ!"

ಡಾಕ್ಟರು ಸಾವಕಾಶ ನನ್ನ ತೋಳಿನ ಪಟ್ಟಿ ಬಿಚ್ಚಿದ್ರು. "ಮಾಸ್ತರ, ನಿಮ್ಮದು ಬರೋಬ್ಬರಿ ಐತಿ. ಗುಳಿಗಿ ಬ್ಯಾಡ." ಬದುಕಿದ್ನೆಪಾ ಅಂತ ನಾ ದೊಡ್ಡ ಉಸರ ಬಿಟ್ಟ್ನಿ. ಎದಿ ಹಗರ ಆತು.

ಡಾಕ್ಟರು ಪಟ್ಟಿ ಕೈಯಾಗ ಹಿಡದಕೊಂಡ ಹೆಂಡ್ತಿ ಕಡೆ ತಿರಗಿದ್ರು.

"ಮಾಸ್ತರ, ಕುರ್ಚಿ ಬಿಡ್ರಿ. ಅಕ್ಕಾರ, ನೀವ ಬಂದ ಕುಂದರ್ರಿ."