ಮೈಗಂಟಿದ ತರಂಗಿಣಿ

ಹ್ಯಾಂಗರಿನ ಮೇಲೆ ಮುಚ್ಚಿದ್ದ ಧೋತರವನ್ನು ಚನ್ನವೀರಪ್ಪ ಸರಕ್ಕನೆ ಎಳೆದು, "ನೋಡು" ಎಂದರು.

ಇಂದುಮತಿ ಕನ್ನಡಕ ಹಾಕಿಕೊಂಡು ನೋಡಿದರು. ಒಣಗಿದ ಬದನೆಕಾಯಿಯಂತೆ ಕಪ್ಪಗೆ, ಮುದುಡಿಕೊಂಡು ಏನೋ ಜೋತಾಡುತ್ತಿತ್ತು.

"ಯಾರಿಗ್ರೀ ಇದು? ನಮ್ಮ ಬೆಕ್ಕಿಗೇನು?"

"ನಿನಗ. ಎಳದಷ್ಟು ಹಿಗ್ಗತೈತಿ. ಕೂಸಿಗೂ ಬರ್ತೈತಿ, ಪೈಲ್ವಾನಗೂ ಬರ್ತೈತಿ."

ಇಂದುಮತಿ ಇಪ್ಪತ್ತೆರಡು ವರ್ಷಗಳಿಂದ ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದವರು. ಅವರ ನಾಯಕಿ ಮಿಸ್ ತರಂಗಿಣಿ ಮೈಗೆ ಬಣ್ಣ ಬಳಿದಂತೆ ಅಂಟಿಕೊಂಡ ಕರಿಯ ಉಡುಪಿನಲ್ಲಿ ಗೋಡೆ ಹತ್ತುವಳು, ಖೂಳರ ತಿಜೋರಿಯಿಂದ ವಜ್ರದ ಹಾರ ಹಾರಿಸುವಳು. ಎರಡು ತಿಂಗಳ ಹಿಂದೆ ಗೋಕಾಕದ ನಿವೃತ್ತ ವ್ಯಾಯಾಮ ಶಿಕ್ಷಕಿಯೊಬ್ಬರ ಕಾರ್ಡು ಬಂದಿತ್ತು. "ಅಂಥ ಉಡುಪು ಹಾಕಿಕೊಂಡು ನೀವು ಒಮ್ಮೆಯಾದರೂ ಕುಂತು ನೋಡಿದ್ದೀರಾ? ಕುಂತರೆ ಏಳುವುದು ಹೇಗೆ?"

ಅಂದಿನಿಂದ ಇಂದುಮತಿಗೆ ಒಂದು ಸಾಲೂ ಹೊಳೆಯಲಿಲ್ಲ. ಧಾರಾವಾಹಿಯ ಕಡೆಯ ಕಂತು ಬಾಕಿ ಉಳಿಯಿತು. ಸಂಪಾದಕ ಗುಂಜಾಳರ ಫೋನು ಬಂದಾಗಲೆಲ್ಲ ಅವರು ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದರು. ಉಟ್ಟು ನೋಡದೆ ಇನ್ನು ಬರೆಯಲಾರೆ ಎಂದು ಅವರು ಅಂದದ್ದೇ ತಡ, ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಿಂದ ನಿವೃತ್ತರಾಗಿದ್ದ ಗಂಡ ಗ್ಯಾರೇಜು ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಇದಕ್ಕೂ ಮುಂಚೆ ಅವರು ಅಲ್ಲಿ ಮಾಡಿದ್ದ ರೊಟ್ಟಿ ಬಡಿಯುವ ಯಂತ್ರ, ರೊಟ್ಟಿಗಳನ್ನು ಸಪ್ತಾಪುರದ ಮೂರು ಓಣಿಗಳಿಗೆ ಹಂಚಿತ್ತು.

"ಕುತ್ತಿಗಿ ಹತ್ರ ಬುದ್ಧಿ ಇಟ್ಟೀನಿ," ಎಂದು ಚನ್ನವೀರಪ್ಪ ಕಾಲರಿನ ಒಂದು ಗುಂಡಿ ತೋರಿಸಿದರು. "ಅದಕ್ಕ ನಿನ್ನ ನಲವತ್ತೊಂದು ಕಾದಂಬರಿ ಓದಿ ಹೇಳೀನಿ. ನಿನ್ನ ಎದಿ ಡವಡವ ಅಂದ್ರ ಸಾಕು, ತರಂಗಿಣಿ ಏನ ಮಾಡತಿದ್ಲೋ ಅದನ್ನ ಮಾಡತೈತಿ."

ಇಂದುಮತಿ ಉಡುಪನ್ನು ಬಿಟ್ಟು ಗಂಡನನ್ನೇ ನೋಡಿದರು. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಈ ಮನುಷ್ಯ ಅವರ ಒಂದು ಪುಸ್ತಕದ ಹೊದಿಕೆಯನ್ನೂ ತಿರುವಿರಲಿಲ್ಲ.

"ನಲವತ್ತೊಂದೂ ಓದಿದ್ರೇನು?"

"ಹೂಂ. ಹದಿನೇಳನೇದು ಸ್ವಲ್ಪ ಸಪ್ಪ ಐತಿ."

ಆ ಮಾತನ್ನು ನುಂಗಿಕೊಂಡು ಇಂದುಮತಿ ಉಡುಪಿನೊಳಗೆ ಇಳಿದರು. ನಲವತ್ತು ನಿಮಿಷ ಮತ್ತು ಒಂದು ಡಬ್ಬಿ ಪೌಡರು ಹಿಡಿಯಿತು. ಚನ್ನವೀರಪ್ಪ ಬೆನ್ನಿನ ಜಿಪ್ಪು ಎಳೆದು ಮುಗಿಸಿದಾಗ ಕನ್ನಡಿಯಲ್ಲಿ ಕನ್ನಡಕ ಹಾಕಿಕೊಂಡ ನೆರಳೊಂದು ನಿಂತಿತ್ತು. ಇಂದುಮತಿ ಕುರ್ಚಿಯ ಮೇಲೆ ಕುಂತರು. ಎದ್ದರು. ಗೋಕಾಕಕ್ಕೆ ಈಗಲೇ ಉತ್ತರ ಬರೆಯಬೇಕೆಂದುಕೊಳ್ಳುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

"ಮೇಡಂ, ನಾನ್ರೀ, ಗುಂಜಾಳ. ಕಡೀ ಕಂತು ತಗೊಂಡ ಹೋಗಾಕ ಬಂದೀನ್ರಿ."

ಎದೆ ಡವಡವ ಅಂದಿತು.

'ಕರೆಗಂಟೆ ಕೇಳಿದೊಡನೆ ತರಂಗಿಣಿ ಕಿಟಕಿಯತ್ತ ಚಿಮ್ಮಿದಳು' ಎಂಬ ವಾಕ್ಯವನ್ನು ಇಂದುಮತಿ ಕಡಿಮೆಯೆಂದರೂ ಅರವತ್ತು ಸಲ ಬರೆದಿದ್ದರು. ಅಡುಗೆಮನೆಯ ಕಿಟಕಿಯ ಸರಳುಗಳನ್ನು ರೊಟ್ಟಿ ಯಂತ್ರಕ್ಕೆಂದು ಕಿತ್ತಿದ್ದು ಒಳ್ಳೆಯದೇ ಆಯಿತು. ಇಂದುಮತಿ ಅದರ ಮೂಲಕ ಹೊರಬಿದ್ದು ಕಾಂಪೌಂಡಿನ ಮೇಲೆ ನಿಂತಿದ್ದರು. ಅರವತ್ತೊಂದು ವರ್ಷದ ಮೊಣಕಾಲುಗಳು ಬೇಡ ಬೇಡವೆಂದವು. ಉಡುಪು ಕೇಳಲಿಲ್ಲ. ಮುಂದಿನದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು: ಗಾಳಿಯಲ್ಲಿ ಮೂರು ಪಲ್ಟಿ. ಒಂದೇ ಎಂದು ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಎರಡನೆಯ ಪಲ್ಟಿಯಲ್ಲಿ ಅವರಿಗನ್ನಿಸಿತು.

ಇಳಿದದ್ದು ಪಕ್ಕದ ಮನೆಯ ಪಡಸಾಲೆಗೆ. ನಿವೃತ್ತ ಹೆಡ್‌ಮಾಸ್ತರ ಹೊಸಳ್ಳಿಯವರು ಆರಾಮಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಪಕ್ಕದ ಬಟ್ಟಲಿನ ನೀರಿನಲ್ಲಿ ಅವರ ಹಲ್ಲಿನ ಸೆಟ್ಟು ಫಳಫಳ ಹೊಳೆಯುತ್ತಿತ್ತು. ವಜ್ರದ ಹಾರವನ್ನು ಎಂದೂ ಕಣ್ಣಾರೆ ಕಾಣದ ಉಡುಪು ಅದನ್ನೇ ಬಾಚಿಕೊಂಡಿತು.

ಮಾಸ್ತರರು ಕಣ್ಣುಬಿಟ್ಟು ಕೂಗಿದರು. ಬಾಯಿಂದ ಬರೀ ಗಾಳಿ ಬಂತು.

"ಮಾಸ್ತರ್ರ, ಹೆದರಬ್ಯಾಡ್ರಿ, ನಾನು, ಇಂದುಮತಿ," ಎನ್ನುತ್ತಲೇ ಇಂದುಮತಿ ಅವರ ಮಾಳಿಗೆಯ ಏಣಿ ಹತ್ತಿ ನೀರಿನ ಟಾಕಿಯ ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟರು. ಕದ್ದ ಮೇಲೆ ತರಂಗಿಣಿ ಅತಿ ಎತ್ತರದ ಜಾಗದಲ್ಲಿ ನಿಂತು ಅಟ್ಟಹಾಸ ಮಾಡುವುದು ರೂಢಿ. ಉಡುಪು ಅವರ ಪಕ್ಕೆಲುಬುಗಳನ್ನು ಅಮುಕಿ ಅಮುಕಿ ಅಟ್ಟಹಾಸವನ್ನು ಹೊರಡಿಸಿತು.

ಕೆಳಗೆ ಚನ್ನವೀರಪ್ಪ, ಗುಂಜಾಳ, ಬಾಯಿಗೆ ಹೆಗಲ ಮೇಲಿನ ವಲ್ಲಿ ಹಿಡಿದ ಮಾಸ್ತರರು ಕತ್ತೆತ್ತಿ ನಿಂತರು.

"ಇಳಿ," ಎಂದರು ಚನ್ನವೀರಪ್ಪ.

"ನಾ ಇಳಿಯಂಗಿಲ್ಲ ಅಂದೇನೇನ್ರೀ? ಮೈಮ್ಯಾಲಿನ ನಿಮ್ಮ ಈ ಅರಿವಿಗೆ ಹೇಳ್ರಿ."

"ಜಿಪ್ಪು ಜಗ್ಗು ಹಂಗಾರ."

ಇಂದುಮತಿ ಬೆನ್ನಿಗೆ ಕೈ ಚಾಚಿ ಜಗ್ಗಿದರು. ಜಿಪ್ಪು ಕಲ್ಲಾಗಿ ಕುಳಿತಿತ್ತು. ಚನ್ನವೀರಪ್ಪ ತಲೆ ಕೆರೆದುಕೊಂಡು ಕೇಳಿದರು. "ಇಂದೂ, ತರಂಗಿಣಿ ಯಾವ ಕಾದಂಬರ್ಯಾಗ ಉಡುಪು ಬಿಚ್ಯಾಳ?"

ಇಂದುಮತಿ ನೆನೆಸಿಕೊಂಡರು. ಯಾವುದರಲ್ಲೂ ಇಲ್ಲ. ನಲವತ್ತೊಂದು ಕಾದಂಬರಿಗಳಲ್ಲಿ ಆ ಹುಡುಗಿ ಬಟ್ಟೆ ಬದಲಿಸಿರಲಿಲ್ಲ, ಉಂಡಿರಲಿಲ್ಲ, ಮಲಗಿರಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಉಡುಪಿನೊಳಗೆ ಬೆವರು ಹಿಮ್ಮಡಿಯ ತನಕ ಹರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಇದರಲ್ಲೇ ಬೇಯಿಸಿದೆನಲ್ಲ ಅವಳನ್ನು ಎಂದು ಅವರಿಗೆ ಕೆಡುಕೆನಿಸಿತು.

"ಗುಂಜಾಳ್ರ, ಪೆನ್ನ ಐತೇನ್ರಿ? ಬರಕೋರಿ. ಕಡೀ ಕಂತು."

ಗುಂಜಾಳರು ಮಾಸ್ತರರ ಬೆನ್ನಿನ ಮೇಲೆ ಹಾಳೆ ಇಟ್ಟುಕೊಂಡರು.

"ತರಂಗಿಣಿಗೆ ದಣಿವಾಗಿತ್ತು," ಎಂದು ಇಂದುಮತಿ ಗಟ್ಟಿಯಾಗಿ ಹೇಳತೊಡಗಿದರು. "ಅವಳು ಮೆಲ್ಲಗೆ ಏಣಿ ಇಳಿದಳು."

ಉಡುಪು ಒಂದು ಗಳಿಗೆ ಅನುಮಾನಿಸಿತು. ಆಮೇಲೆ ಬಲಗಾಲನ್ನು ಏಣಿಯ ಮೇಲಿಟ್ಟಿತು.

"ಕದ್ದದ್ದನ್ನು ಒಡೆಯನ ಕೈಗೆ ಕೊಟ್ಟಳು." ಹಲ್ಲು ಮಾಸ್ತರರಿಗೆ ಸಂದಿತು. "ಮನೆಗೆ ಹೋಗಿ ಕದ ಹಾಕಿಕೊಂಡಳು."

ಮುಚ್ಚಿದ ಕದಕ್ಕೆ ಕಿವಿ ಹಚ್ಚಿ ಗುಂಜಾಳರು ಬರೆದುಕೊಂಡರು. ಒಳಗಿನಿಂದ ದನಿ ಬರುತ್ತಿತ್ತು. "ಉಡುಪು ಬಿಚ್ಚಿದಳು." ಸರ್‍ರನೆ ಜಿಪ್ಪು ಇಳಿದ ಸದ್ದು ಕೇಳಿತು. "ಹಾಂ, ಅದೂ ಇರಲಿ. ನೂಲಿನ ಸೀರೆ ಉಟ್ಟಳು. ಉಡುಪನ್ನು ಬಕೀಟಿನಲ್ಲಿ ನೆನೆಹಾಕಿ, ತಿಕ್ಕಿ, ಹಿಂಡಿ, ತಂತಿಯ ಮೇಲೆ ಒಣಹಾಕಿ ಒಂದು ಕಪ್ಪು ಚಹಾ ಕುಡಿದಳು. ಮುಗಿಯಿತು."

"ಭಾಳ ಛಲೋ ಆತ್ರಿ ಮೇಡಂ. ಖರೆ, ಖೂಳ ಏನಾದ್ರಿ?"

"ಅವನೂ ಚಹಾ ಕುಡದ ಅಂತ ಬರಕೋರಿ."

ಆ ಕಂತಿಗೆ ಬಂದಷ್ಟು ಪತ್ರಗಳು ಅದುವರೆಗೆ ಯಾವುದಕ್ಕೂ ಬಂದಿರಲಿಲ್ಲ. ಬರೆದವರೆಲ್ಲ ಹೆಂಗಸರು. ತರಂಗಿಣಿ ಚಹಾ ಕುಡಿದ ಜಾಗದಲ್ಲಿ ಅತ್ತೆವೆಂದು ಹಲವರು ತಿಳಿಸಿದ್ದರು.

ಉಡುಪು ಮಾತ್ರ ಆ ಕಡೆಯ ಅಧ್ಯಾಯವನ್ನೇ ಹಿಡಿದು ಕುಳಿತಿತು. ಈಗ ದಿನಾ ಬೆಳಿಗ್ಗೆ, ಒಳಗೆ ಯಾರೂ ಇಲ್ಲದೆ, ತಾನೇ ನಡೆದುಕೊಂಡು ಬಚ್ಚಲಿಗೆ ಹೋಗುತ್ತದೆ. ಬಕೀಟಿನಲ್ಲಿ ಮುಳುಗಿ, ತನ್ನನ್ನು ತಾನೇ ತಿಕ್ಕಿ, ತಾನೇ ಹಿಂಡಿಕೊಂಡು, ಹಿತ್ತಲಿನ ತಂತಿಯೇರಿ ಕ್ಲಿಪ್ಪು ಹಾಕಿಕೊಂಡು ಜೋತುಬಿದ್ದು, ಚಹಾಕ್ಕೆಂದು ಒಂದು ತೋಳು ಚಾಚುತ್ತದೆ.

ಆರು ವಾರದ ದುಡಿಮೆ ತಂತಿಯ ಮೇಲೆ ತೊಟ್ಟಿಕ್ಕುವುದನ್ನು ನೋಡಿ ಚನ್ನವೀರಪ್ಪ ಮೂರು ದಿನ ಮಂಕಾಗಿದ್ದರು. ನಾಲ್ಕನೆಯ ದಿನ ಇಂದುಮತಿ ಒಗೆಯುವ ಬುಟ್ಟಿ ಸೊಂಟಕ್ಕೇರಿಸಿಕೊಂಡು ಬಂದು ಅವರ ಪಕ್ಕ ನಿಂತು ಕೇಳಿದರು.

"ನಿಮ್ಮ ಬನೀನಿಗೂ ಒಂದು ಅಧ್ಯಾಯ ಓದಿ ಹೇಳಲೇನ್ರೀ?"