ಜ್ವಾಲೆ ಅಳೆಯುವಾಗ ಫ್ಯಾನ್ ಆರಿಸುವ ಕುರಿತು

ಇಂದ:
ಕಿರಿಯ ಪ್ರಯೋಗ ಸಹಾಯಕಿ,
ಇಂಧನ ಪರೀಕ್ಷಾ ವಿಭಾಗ

ಗೆ:
ಮಾನ್ಯ ವಿಭಾಗ ಮುಖ್ಯಸ್ಥರು,
ಟೇಬಲ್ ಫ್ಯಾನಿನ ಎದುರಿನ ಕುರ್ಚಿ, ಅದೇ ವಿಭಾಗ

ವಿಷಯ: ಜ್ವಾಲೆಯ ವೇಗದ ವರದಿಗೆ ಸಹಿ ಹಾಕಲು ನನಗಿರುವ ಅಡಚಣೆ.

ಉಲ್ಲೇಖ: "ಸುಮ್ನೆ ಸಹಿ ಹಾಕಮ್ಮ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

೧. ಉದ್ದನೆಯ ತಟ್ಟೆಗೆ ಇಂಧನ ಸುರಿದು, ಒಂದು ತುದಿಗೆ ಕಿಡಿ ಕೊಟ್ಟು, ಜ್ವಾಲೆ ಇನ್ನೊಂದು ತುದಿ ಮುಟ್ಟುವ ಸಮಯ ಅಳೆಯುವುದು ನಮ್ಮ ಕೆಲಸ. ಗಾಳಿ ಆಡಬಾರದೆಂಬುದು ಇದರ ಮೊದಲ ನಿಯಮ. ತಮಗೆ ಸೆಕೆಯಾಗಬಾರದೆಂಬುದು ಅದಕ್ಕೂ ಮೊದಲಿನ ನಿಯಮವೆಂದು ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ.

೨. ಹೋಲಿಕೆಗೆಂದು ಇಟ್ಟ ಸ್ಪಿರಿಟ್ಟಿನ ತಟ್ಟೆ ಗಾಳಿ ತಾಗದ ಮೂಲೆಯಲ್ಲಿತ್ತು. ಪೆಟ್ರೋಲಿನದು ತಮ್ಮ ಫ್ಯಾನಿಗೆ ನೇರ ಎದುರಿಗಿತ್ತು. ಆ ಕಾರಣ ಪೆಟ್ರೋಲಿನ ಜ್ವಾಲೆ ಎದುರುಗಾಳಿಯಲ್ಲಿ ತಡವರಿಸಿ, ಸ್ಪಿರಿಟ್ಟಿಗಿಂತ ಹಿಂದೆ ಬಿದ್ದಿತು. "ಸರ್, ಫ್ಯಾನ್ ಆರಿಸಿ ಇನ್ನೊಮ್ಮೆ ನೋಡೋಣ್ವಾ?" ಎಂದೆ. "ಬೆಂಕಿಗೆ ಗಾಳಿ ಬೇಕಲ್ವೇನಮ್ಮಾ? ಇದನ್ನೂ ನಾನೇ ಹೇಳ್ಕೊಡ್ಬೇಕಾ?" ಎಂದು ತಾವು ಅಪ್ಪಣೆ ಕೊಡಿಸಿದಿರಿ.

೩. ಆದ್ದರಿಂದ "ಪೆಟ್ರೋಲ್ ನಾವು ತಿಳಿದಷ್ಟು ಅವಸರದ ದ್ರವವಲ್ಲ" ಎಂದು ವರದಿ ಸಿದ್ಧವಾಯಿತು. ಆದ್ದರಿಂದ ಉಗ್ರಾಣದ ಪೆಟ್ರೋಲ್ ಪೀಪಾಯಿಗಳಿಗೂ ಸ್ಟೋರ್‌ಕೀಪರ್ ಮೇಜಿಗೂ ನಡುವಿನ ಗೋಡೆ ಅನಗತ್ಯವಾಯಿತು. ಆದ್ದರಿಂದ ಗೋಡೆ ಒಡೆದು, ಸದರಿ ಸ್ಟೋರ್‌ಕೀಪರನ್ನು ಪೀಪಾಯಿಗಳ ಪಕ್ಕಕ್ಕೆ ದೂಡಿದರೆ, ಅವರ ಮೇಜಿದ್ದ ಜಾಗ ಸೇರಿ ತಮ್ಮ ಕೊಠಡಿ ದೊಡ್ಡದಾಗುತ್ತದೆ. ವಿಜ್ಞಾನದಿಂದ ಇಷ್ಟು ಬೇಗ ಇಷ್ಟು ಜಾಗ ಯಾರಿಗೂ ಸಿಕ್ಕಿರಲಾರದು.

೪. ಸದರಿ ಸ್ಟೋರ್‌ಕೀಪರ್ ನನ್ನ ತಂದೆ. ಮನೆಯಲ್ಲಿ ಮಾತು ತೆಗೆದಾಗ, "ಬಿಡಮ್ಮ, ಸಾಹೇಬ್ರು ಅಳೆದೇ ಹೇಳಿರ್ತಾರೆ. ನೀನೂ ಅಲ್ಲೇ ಇದ್ಯಲ್ಲ" ಎಂದರು. ಅವರ ಕೊನೆಯ ಮಾತಿನಿಂದಾಗಿ ನನ್ನ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

೫. ತಾವು ಊಟಕ್ಕೆ ಹೋಗಿದ್ದಾಗ ಫ್ಯಾನ್ ಆರಿಸಿ ಪೆಟ್ರೋಲನ್ನು ಮತ್ತೆ ಅಳೆದೆ. ಗಡಿಯಾರದ ಗುಂಡಿ ಒತ್ತುವಷ್ಟರಲ್ಲಿ ಜ್ವಾಲೆ ಆಚೆ ತುದಿಯಲ್ಲಿತ್ತು. ಜೊತೆಗಿದ್ದ ಮೆಕ್ಯಾನಿಕ್ಕಣ್ಣ, "ಪೀಪಾಯಿಗೆ ಬೆಂಕಿ ಬಿದ್ರೆ ನಿಮ್ಮಪ್ಪ ಓಡೋದಿರ್ಲಿ, ಕಾಲಿಗೆ ಚಪ್ಲಿ ಹುಡ್ಕೋಕೂ ಆಗಲ್ಲ ಕಣಮ್ಮ" ಎಂದ. ನಗುತ್ತ ಶುರು ಮಾಡಿದ ಮಾತು. ಮುಗಿಸುವಾಗ ಅವನು ನಗುತ್ತಿರಲಿಲ್ಲ.

ಮೇಲ್ಕಂಡ ಕಾರಣಗಳಿಂದ, ಫ್ಯಾನ್ ಆರಿಸಿ, ತಮ್ಮ ಸಮಕ್ಷಮದಲ್ಲೇ ಮರು ಅಳತೆಗೆ ಆದೇಶಿಸಬೇಕು. ಸಾಧ್ಯವಿಲ್ಲವಾದಲ್ಲಿ, ವರದಿಯ ಮೇಲೆ ತಮಗಿರುವ ನಂಬಿಕೆಗೆ ತಕ್ಕಂತೆ ತಮ್ಮ ಕುರ್ಚಿಯನ್ನೂ ಪೀಪಾಯಿಗಳ ಬಳಿಯೇ ಹಾಕಿಸಿಕೊಳ್ಳಬೇಕು. ಬಾಗಿಲ ಕಡೆಯ ಜಾಗವನ್ನು ಮಾತ್ರ ಅಪ್ಪನಿಗೆ ಬಿಡಬೇಕು.

ಈ ಅರ್ಜಿಯೊಂದಕ್ಕೆ ಮಾತ್ರ ಸಹಿ ಹಾಕಿರುವ,
ತಮ್ಮ ವಿಶ್ವಾಸಿ,
ಕಿರಿಯ ಪ್ರಯೋಗ ಸಹಾಯಕಿ

ಲಗತ್ತುಗಳು:
ಅ) ಫ್ಯಾನ್ ಆರಿಸಿ ಪಡೆದ ಅಳತೆ.
ಆ) ತಮ್ಮ ವರದಿ. ನನ್ನ ಸಹಿಯ ಜಾಗ ಖಾಲಿ.
ಇ) ಬೀಸಣಿಗೆ, ಒಂದು. ಮರು ಅಳತೆ ಮುಗಿಯುವವರೆಗೆ ದಯವಿಟ್ಟು ಕೋಣೆಯ ಹೊರಗೆ ನಿಂತು ಬೀಸಿಕೊಳ್ಳಬೇಕಾಗಿ ವಿನಂತಿ.